ಮೈನ್ ಆಫ್ ಮಾಡಿದರೂ ತಾರಸಿ ಆಫ್ ಆಗುವುದಿಲ್ಲ

ಹೊಸ ಮನೆ ಕಟ್ಟಿಸುವವರು ಸೋಲಾರ್ ಬಗ್ಗೆ ಕೇಳುವುದು ಎರಡೇ: ಸಬ್ಸಿಡಿ ಎಷ್ಟು, ಬೆಸ್ಕಾಂ ಬಿಲ್ಲು ಎಷ್ಟು ಇಳಿಯುತ್ತೆ. ಬೆಂಕಿಯ ಮಾತೆತ್ತಿದರೆ, ‘ಮೈನ್ ಆಫ್ ಮಾಡಿದ್ರೆ ಆಯ್ತಲ್ವಾ ಸಾರ್?’ ಅನ್ನುತ್ತಾರೆ.

ಆಗಲ್ಲ. ಕರೆಂಟ್ ಹೋದರೂ ಮೈನ್ ಆಫ್ ಮಾಡಿದರೂ ಗ್ರಿಡ್‌ಗೆ (ಬೆಸ್ಕಾಂ ಲೈನಿಗೆ) ಜೋಡಿಸಿದ ಇನ್ವರ್ಟರ್, ಅಂದರೆ ಪ್ಯಾನೆಲ್ಲಿನ ಡಿಸಿಯನ್ನು ಮನೆಗೆ ಬೇಕಾದ ಎಸಿಯಾಗಿ ಬದಲಿಸುವ ಪೆಟ್ಟಿಗೆ, ತಾನಾಗಿ ನಿಲ್ಲುತ್ತದೆ, ನಿಜ. ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ ಡಿಸಿ, ದಿಕ್ಕು ಬದಲಿಸುತ್ತಾ ಹರಿಯುವುದು ಎಸಿ. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮನೆಯ ವಿದ್ಯುತ್ ಹೊಡೆಯಬಾರದೆಂದೇ ಇನ್ವರ್ಟರ್ ನಿಲ್ಲುವ ಆ ಏರ್ಪಾಡು. ಆದರೆ ಪ್ಯಾನೆಲ್‌ನಿಂದ ಇನ್ವರ್ಟರ್‌ವರೆಗಿನ ಡಿಸಿ ಕೇಬಲ್‌ನಲ್ಲಿ ಬಿಸಿಲಿರುವಷ್ಟು ಹೊತ್ತೂ ವೋಲ್ಟೇಜ್ ಇದ್ದೇ ಇರುತ್ತದೆ. ಈಗಿನ ದೊಡ್ಡ ಪ್ಯಾನೆಲ್ ಹತ್ತನ್ನು ಸೀರೀಸ್‌ನಲ್ಲಿ (ಒಂದರ ಹಿಂದೊಂದು) ಜೋಡಿಸಿದರೆ 400 ವೋಲ್ಟ್ ದಾಟುತ್ತದೆ. ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ಆರಲು ಸಂದು ಸಿಗುತ್ತದೆ. ಡಿಸಿಗೆ ಆ ಬಿಡುವೇ ಇಲ್ಲ. ಹೊತ್ತಿದ ಕಿಡಿ ಎಳೆದುಕೊಂಡೇ ಉರಿಯುತ್ತದೆ. ಡಿಸಿ ಬಾಕ್ಸ್‌ನಲ್ಲಿ ಎಸಿಗೆಂದಿರುವ ಅಂಗಡಿಯ ಮಾಮೂಲಿ ಎಂಸಿಬಿ (ಟ್ರಿಪ್ ಆಗುವ ಸ್ವಿಚ್) ಕಂಡರೆ ತೆಗೆಸಿ, ಡಿಸಿಗೆಂದೇ ತಯಾರಾದ ಐಸೊಲೇಟರ್ (ಸಂಪರ್ಕ ಕಡಿಯುವ ಸ್ವಿಚ್) ಹಾಕಿಸಿ.

ಕಿಡಿ ಹೆಚ್ಚಾಗಿ ಹುಟ್ಟುವುದು ಕೇಬಲ್ ಸೇರುವ ಎಂಸಿ4 ಕನೆಕ್ಟರ್‌ನಲ್ಲಿ. ಗಂಡು ಒಂದು ಕಂಪನಿಯದು, ಹೆಣ್ಣು ಇನ್ನೊಂದರದು: ಟಕ್ಕೆಂದು ಕೂರುತ್ತದೆ, ಒಳಗೆ ಲೋಹ ಸರಿಯಾಗಿ ಕಚ್ಚಿರುವುದಿಲ್ಲ. ವೈರಿನ ತುದಿಗೆ ಲೋಹದ ಪಿನ್ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್ ಬಿಟ್ಟು ಕಟಿಂಗ್ ಪ್ಲೇಯರ್‌ನಲ್ಲಿ ಒತ್ತಿದರಂತೂ ಕೇಳಲೇಬೇಡಿ. ಪ್ಯಾನೆಲ್ ಕೆಳಗೆ ಬಗ್ಗಿ ನೋಡಿ. ಕಪ್ಪು ಪ್ಲಾಸ್ಟಿಕ್ ಊದಿದ್ದರೆ, ಕರಗಿದ್ದರೆ ಮುಟ್ಟಬೇಡಿ, ಎಳೆದು ಬಿಚ್ಚಲೂ ಹೋಗಬೇಡಿ. ಕೆಲಸ ಮಾಡಿದವರನ್ನು ಕರೆಸಿ. ಕನೆಕ್ಟರ್‌ಗಳು ತಾರಸಿಯ ನೆಲದಲ್ಲಿ, ಮಳೆನೀರು ನಿಲ್ಲುವ ಕಡೆ ಬಿದ್ದಿರಲೂ ಕೂಡದು.

ಬೆಂಗಳೂರಿನ ಥರ್ಟಿ-ಫಾರ್ಟಿ ಸೈಟುಗಳಲ್ಲಿ ದೊಡ್ಡ ತಲೆನೋವು ಅರ್ಥಿಂಗ್, ಅಂದರೆ ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಏರ್ಪಾಡು. ಡಿಸಿ, ಎಸಿ, ಸಿಡಿಲು ನಿರೋಧಕ ಮೂರಕ್ಕೂ ಬೇರೆ ಬೇರೆ ಅರ್ಥ್ ಪಿಟ್ (ಅರ್ಥಿಂಗ್ ಗುಂಡಿ) ಬೇಕು. ಸಂಪು, ಇಂಗುಗುಂಡಿ, ಕಾರ್ ನಿಲ್ಲಿಸುವ ಜಾಗಕ್ಕೆ ಗ್ರಾನೈಟು ಎಲ್ಲ ಆದ ಮೇಲೆ ಗುಂಡಿ ತೋಡುವುದೆಲ್ಲಿ? ಪಾಯದ ಹೊತ್ತಿಗೇ ಮೇಸ್ತ್ರಿಗೆ ಹೇಳಿ ಜಾಗ ಬಿಡಿಸಿ. ಡಿಸಿ ಕೇಬಲ್ ಹೋಗುವ ಪೈಪನ್ನೂ ಪ್ಲಾಸ್ಟರಿಂಗ್‌ಗೆ ಮುಂಚೆಯೇ ಪ್ರತ್ಯೇಕವಾಗಿ ಎಳೆಸಿ. ಇನ್ನೊಂದು ಸಣ್ಣ ವಿಷಯ: ಪ್ಯಾನೆಲ್‌ನ ಅಲ್ಯೂಮಿನಿಯಂ ಚೌಕಟ್ಟಿನ ಮೇಲಿನ ಆನೊಡೈಸ್ ಪದರದಲ್ಲಿ (ಲೋಹವನ್ನು ಕಾಪಾಡುವ ತೆಳು ಲೇಪದಲ್ಲಿ) ವಿದ್ಯುತ್ ಹರಿಯದು. ಅದನ್ನು ಕೊರೆದು ಕೂರುವ ಹಲ್ಲಿನ ವಾಷರ್ ಹಾಕದಿದ್ದರೆ ಅರ್ಥಿಂಗ್‌ನ ಹಸಿರು ವೈರು ಬರೀ ಅಲಂಕಾರ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಈ ಅರ್ಥಿಂಗನ್ನು ಮೀಟರ್ ಹಿಡಿದು ಪರೀಕ್ಷೆ ಮಾಡಿಸಿ.

ಬ್ಯಾಟರಿ ಇಡುವವರಿಗೆ ಒಂದೇ ಮಾತು. ಯುಪಿಎಸ್ ಇಟ್ಟ ಅಭ್ಯಾಸದಲ್ಲಿ ಲಿಥಿಯಂ ಬ್ಯಾಟರಿಯನ್ನೂ ಮೆಟ್ಟಿಲ ಕೆಳಗೆ ತಳ್ಳಬೇಡಿ. ಬೆಂಕಿ ಬಿದ್ದರೆ ಮಹಡಿಯಲ್ಲಿರುವವರು ಇಳಿಯಬೇಕಾದ್ದು ಅದೇ ದಾರಿ.

ತಾರಸಿಯಲ್ಲಿ ಹೊಗೆ ಕಂಡರೆ ಬಕೆಟ್ ನೀರು ಹಿಡಿದು ಓಡಬೇಡಿ. ಹತ್ತಿರ ಹೋಗುವಂತಿದ್ದರೆ ಮಾತ್ರ ಐಸೊಲೇಟರ್ ತಿರುಗಿಸಿ, ಎಲ್ಲರನ್ನೂ ಕೆಳಗಿಳಿಸಿ, 112ಕ್ಕೆ ಫೋನ್ ಮಾಡಿ. ‘ಮೇಲೆ ಸೋಲಾರ್ ಇದೆ’ ಎಂದು ಮೊದಲೇ ತಿಳಿಸಿ. ಮೀಟರ್ ಬೋರ್ಡ್ ಪಕ್ಕ ಹಾಗೆಂದು ಬರೆದ ಫಲಕವೊಂದಿರಲಿ, ಐಸೊಲೇಟರ್ ಎಲ್ಲಿದೆಯೆಂಬುದೂ ಅದರಲ್ಲೇ ಇರಲಿ.