ಕಿವಿ ಸೋರುವ ಮಗುವಿಗೆ ಮೆದುಳಿನಲ್ಲಿ ಕೀವು ಕಟ್ಟಬಹುದೇ?

ಪ್ರಶ್ನೆ: ನಮ್ಮ ಏಳು ವರ್ಷದ ಮಗನಿಗೆ ಆಗಾಗ ಕಿವಿ ಸೋರುತ್ತದೆ. ಈ ಸೋಂಕು ಮೆದುಳಿಗೂ ಹರಡಬಹುದೆಂದು ಕೇಳಿ ಭಯವಾಗಿದೆ. ಅದು ನಿಜವೇ? ಗುರುತಿಸುವುದು ಹೇಗೆ?

ಉತ್ತರ: ನಿಜ, ಆದರೆ ಬಹಳ ಅಪರೂಪ. ಕಿವಿ ಸೋರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಈ ತೊಂದರೆ ಎಂದೂ ಬರುವುದಿಲ್ಲ.

ನಡುಗಿವಿಗೂ ಮೆದುಳಿಗೂ ನಡುವೆ ಇರುವುದು ತೆಳುವಾದ ಮೂಳೆಯ ಪದರ. ಬಹುಕಾಲದ ಸೋಂಕು ಈ ಮೂಳೆಯನ್ನು ಸವೆಸಿದಾಗ, ಅಥವಾ ಅದರೊಳಗಿನ ಸಣ್ಣ ರಕ್ತನಾಳಗಳ ದಾರಿ ಹಿಡಿದಾಗ, ಬ್ಯಾಕ್ಟೀರಿಯಾ ಮೆದುಳಿನ ಪಕ್ಕದ ಭಾಗವನ್ನೋ ಹಿಂಬದಿಯ ಕಿರುಮೆದುಳನ್ನೋ ತಲುಪಿ ಅಲ್ಲಿ ಕೀವುಗಟ್ಟಿಸುತ್ತದೆ. ಆದ್ದರಿಂದ ದುರ್ವಾಸನೆಯ ಸೋರಿಕೆ ವಾರಗಟ್ಟಲೆ ನಿಲ್ಲದಿದ್ದರೆ, ಮೂಳೆಯನ್ನು ಸವೆಸುವ ಕೊಲೆಸ್ಟಿಯಟೋಮ ಎಂಬ ಚರ್ಮದ ಗಂಟು ಒಳಗೆ ಬೆಳೆದಿದೆಯೇ ಎಂಬುದನ್ನು ಕಿವಿ-ಮೂಗು-ಗಂಟಲು ತಜ್ಞರು ನೋಡಲೇಬೇಕು. ಸೈನಸ್ ಸೋಂಕು ಇದೇ ರೀತಿ ಮೆದುಳಿನ ಮುಂಭಾಗಕ್ಕೆ ಹರಡಬಲ್ಲದು. ಹುಟ್ಟಿನಿಂದಲೇ ಹೃದಯದ ದೋಷವಿದ್ದು ತುಟಿ, ಉಗುರುಗಳು ನೀಲಿಗಟ್ಟುವ ಮಕ್ಕಳಿಗೂ ಈ ಅಪಾಯವಿದೆ: ಅವರ ರಕ್ತದ ಒಂದು ಪಾಲು ಶ್ವಾಸಕೋಶದ ಸೋಸುವಿಕೆಗೆ ಒಳಗಾಗದೆ ನೇರವಾಗಿ ದೇಹದತ್ತ ಹರಿಯುವುದರಿಂದ ಅದರಲ್ಲಿನ ಬ್ಯಾಕ್ಟೀರಿಯಾ ಮೆದುಳಿಗೆ ತಲುಪುವುದು ಸುಲಭ.

ಜ್ವರ, ತಲೆನೋವು, ದೇಹದ ಒಂದು ಭಾಗದ ದುರ್ಬಲತೆ ಎಂಬ ಮೂರು ಲಕ್ಷಣಗಳನ್ನು ಪಠ್ಯಗಳು ಹೇಳುತ್ತವೆಯಾದರೂ, ಮೂರೂ ಒಟ್ಟಿಗೆ ಕಾಣುವುದು ಕೆಲವೇ ಮಕ್ಕಳಲ್ಲಿ. ಜ್ವರವಿಲ್ಲವೆಂದು ಸುಮ್ಮನಿರುವುದನ್ನೇ ನಾನು ಹೆಚ್ಚು ಅಪಾಯಕಾರಿ ಎಂದು ಭಾವಿಸುತ್ತೇನೆ. ದಿನದಿಂದ ದಿನಕ್ಕೆ ಏರುವ ತಲೆನೋವು, ಮತ್ತೆ ಮತ್ತೆ ಬರುವ ವಾಂತಿ, ಮಂಪರು, ಫಿಟ್ಸ್, ನಡೆಯುವಾಗ ತೂರಾಡುವುದು, ಎರಡೆರಡಾಗಿ ಕಾಣುವುದು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಎಳೆಯ ಕೂಸಿನಲ್ಲಾದರೆ ಉಬ್ಬಿದ ನೆತ್ತಿ, ನಿಲ್ಲದ ಅಳು, ಹಾಲು ಕುಡಿಯದಿರುವುದು ಎಚ್ಚರಿಕೆಯ ಲಕ್ಷಣಗಳು.

ಖಚಿತವಾಗುವುದು ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್‌ನಿಂದ. ಬೆನ್ನುಹುರಿಯ ನೀರು ತೆಗೆಯುವ ಪರೀಕ್ಷೆಯನ್ನು ಇಲ್ಲಿ ಸಾಮಾನ್ಯವಾಗಿ ಮಾಡುವುದಿಲ್ಲ, ಏಕೆಂದರೆ ತಲೆಯೊಳಗೆ ಒತ್ತಡ ಏರಿರುವಾಗ ಅದರಿಂದ ಮೆದುಳು ಕೆಳಕ್ಕೆ ಜಾರಿ ಜೀವಕ್ಕೇ ಕುತ್ತು ಬರಬಹುದು. ಕೀವಿನ ಗಡ್ಡೆ ಸುಮಾರು 2.5 ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ ನರಶಸ್ತ್ರಚಿಕಿತ್ಸಕರು ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಸೂಜಿಯಿಂದ ಕೀವು ಹೀರುತ್ತಾರೆ. ಅದೇ ಕೀವಿನ ಪರೀಕ್ಷೆಯಿಂದ ಯಾವ ಬ್ಯಾಕ್ಟೀರಿಯಾ ಎಂಬುದೂ ತಿಳಿಯುತ್ತದೆ. ಫಲಿತಾಂಶ ಬರುವ ಮೊದಲೇ ಸೆಫ್ಟ್ರಿಯಾಕ್ಸೋನ್, ಮೆಟ್ರೊನಿಡಜೋಲ್‌ನಂತಹ ಆ್ಯಂಟಿಬಯೋಟಿಕ್‌ಗಳನ್ನು ರಕ್ತನಾಳದ ಮೂಲಕ ಆರಂಭಿಸಿ, ಸಾಮಾನ್ಯವಾಗಿ 6ರಿಂದ 8 ವಾರ ಚಿಕಿತ್ಸೆ ಮುಂದುವರಿಸುತ್ತಾರೆ. ಎರಡನೇ ವಾರಕ್ಕೆ ಮಗು ಗೆಲುವಾಗಿ ಆಡತೊಡಗಿದಾಗ ಚಿಕಿತ್ಸೆ ಸಾಕೆನಿಸುವುದು ಸಹಜ, ಆದರೆ ದಯವಿಟ್ಟು ನಿಲ್ಲಿಸಬೇಡಿ; ಹೊರಗೆ ಗುಣವಾದಂತೆ ಕಂಡರೂ ಒಳಗಿನ ಗಡ್ಡೆ ಕರಗಿರದೇ ಇರಬಹುದು, ಅದನ್ನು ಸ್ಕ್ಯಾನ್ ಮಾತ್ರ ಹೇಳಬಲ್ಲದು. ಮೂಲವಾದ ಕಿವಿಯ ಸೋಂಕಿಗೂ ಚಿಕಿತ್ಸೆ ಆಗಲೇಬೇಕು, ಇಲ್ಲದಿದ್ದರೆ ಕೀವು ಮರುಕಳಿಸಬಹುದು. ಕೆಲವು ಮಕ್ಕಳಲ್ಲಿ ಫಿಟ್ಸ್ ಮುಂದುವರಿಯುವುದರಿಂದ ಅದರ ಮಾತ್ರೆಗಳನ್ನು ವೈದ್ಯರು ಹೇಳುವವರೆಗೆ ಬಿಡಬಾರದು.