ಚೆಸ್ ಗೆದ್ದ ಯಂತ್ರಕ್ಕೆ ಕೈ ಇರಲಿಲ್ಲ

1997ರ ಮೇ 11, ನ್ಯೂಯಾರ್ಕ್. ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಕೊನೆಯ ಆಟ ಸೋತರು. ಗೆದ್ದದ್ದು ಐಬಿಎಂನ ಡೀಪ್ ಬ್ಲೂ, ಮಣೆಯ ಮೇಲೆ ಕಾಯಿಗಳು ನಿಲ್ಲಬಹುದಾದ ಸುಮಾರು 20 ಕೋಟಿ ಸ್ಥಿತಿಗಳನ್ನು ಸೆಕೆಂಡಿಗೆ ಅಳೆದು ನೋಡುವ ಕಂಪ್ಯೂಟರ್. ಆದರೆ ಆ ಪಂದ್ಯದ ಫೋಟೋ ನೋಡಿ, ಎದುರಿಗೆ ಕೂತಿರುವುದು ಒಬ್ಬ ಮನುಷ್ಯ! ಪರದೆಯ ಮೇಲೆ ಬಂದ ನಡೆ ನೋಡಿಕೊಂಡು ಕಾಯಿ ಎತ್ತಿಡುವುದು ಅವರ ಕೆಲಸ.

ಕಾಯಿ ಎತ್ತಿಡೋಕೆ ಬುದ್ಧಿ ಬೇಕು ಅಂತ ಯಾರೂ ಅಂದುಕೊಂಡಿರಲಿಲ್ಲ, ಅಲ್ವಾ? ಚೆಸ್ಸು, ಗಣಿತ ಬಂದವರೇ ಬುದ್ಧಿವಂತರು. ಕಂಪ್ಯೂಟರು ಈ ನಂಬಿಕೆಯನ್ನೇ ಬುಡಮೇಲು ಮಾಡಿತು. ದೊಡ್ಡವರ ಬುದ್ಧಿ ಪರೀಕ್ಷೆ ಯಂತ್ರಕ್ಕೆ ಸುಲಭ, ಒಂದು ವರ್ಷದ ಮಗುವಿನ ನೋಟ, ನಡಿಗೆ ಕಷ್ಟ ಎಂದು ರೋಬಾಟ್ ತಜ್ಞ ಹಾನ್ಸ್ ಮೊರಾವೆಕ್ 1988ರಲ್ಲೇ ಬರೆದಿದ್ದರು.

ನಮ್ಮಮ್ಮ ಸಂಜೆ ಸೀರಿಯಲ್ ನೋಡುತ್ತಾ ಮಲ್ಲಿಗೆ ಕಟ್ಟುತ್ತಾಳೆ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಬಾಳೆನಾರು ಒಂದು ಸುತ್ತು, ಒಂದು ಕುಣಿಕೆ, ಒಂದು ಎಳೆತ. ಕಣ್ಣು ಹೂವಿನ ಕಡೆ ಹೋಗುವುದೇ ಇಲ್ಲ. ಇದನ್ನು ಯಂತ್ರಕ್ಕೆ ಕಲಿಸಲು ಕೂತರೆ ಗೊತ್ತಾಗುತ್ತದೆ ಪಾಡು. ಬುಟ್ಟಿಯಲ್ಲಿ ಒಂದರ ಮೇಲೊಂದು ಬಿದ್ದಿರುವ ಮೊಗ್ಗುಗಳಲ್ಲಿ ತೊಟ್ಟು ಎಲ್ಲಿದೆ? ಎಷ್ಟು ಒತ್ತಿದರೆ ನಲುಗುತ್ತದೆ? ಒದ್ದೆ ನಾರನ್ನು ಜಾಸ್ತಿ ಬಿಗಿದರೆ ತೊಟ್ಟು ತುಂಡು, ಸಡಿಲ ಬಿಟ್ಟರೆ ಹೂ ಉದುರುತ್ತದೆ. ಮೊಗ್ಗು ಮೊಗ್ಗಿಗೂ ಹದ ಬೇರೆ. ಚೆಸ್ಸಿಗಾದರೆ ಮನೆ 64, ನಿಯಮವನ್ನೆಲ್ಲ ಎರಡು ಹಾಳೆಯಲ್ಲಿ ಬರೆದಿಡಬಹುದು.

ನೋಡುವುದು, ಹಿಡಿಯುವುದು, ಬೀಳದೆ ನಿಲ್ಲುವುದು ಇವನ್ನೆಲ್ಲ ಜೀವಿಗಳು ಕೋಟ್ಯಂತರ ವರ್ಷಗಳಿಂದ ತಿದ್ದುತ್ತಾ ಬಂದಿವೆ. ಲೆಕ್ಕ, ತರ್ಕ ನಿನ್ನೆ ಮೊನ್ನೆಯವು. ಹೊಸತಾದ್ದರಿಂದಲೇ ಅವು ನಮಗೆ ಕಷ್ಟ, ಕಷ್ಟವಾದ್ದರಿಂದಲೇ ಅವಕ್ಕೆ ಮರ್ಯಾದೆ. ಕತ್ತಿನ ಮೇಲ್ಭಾಗದಲ್ಲಿ, ತಲೆಯ ಹಿಂಬದಿಗೆ, ಕಿರುಮೆದುಳು ಇದೆ. ಮೆದುಳಿನ ತೂಕದಲ್ಲಿ ಅದರ ಪಾಲು ಹತ್ತರಲ್ಲಿ ಒಂದು. ನರಕೋಶ ಎಣಿಸಿದರೆ ಮಾತ್ರ ಸುಮಾರು 8,600 ಕೋಟಿಯಲ್ಲಿ 6,900 ಕೋಟಿ ಅಲ್ಲೇ! ನಮ್ಮ ಚಲನೆಗೆ ಹದ ಕೊಡುವುದು ಅದರ ಮುಖ್ಯ ಕೆಲಸ. ಅದು ಕೆಟ್ಟರೆ ಲೋಟ ಹಿಡಿಯಲು ಹೋದ ಕೈ ಗುರಿ ತಪ್ಪುತ್ತದೆ. ಸರಿಯಿದ್ದಾಗ ಅದರ ಸುದ್ದಿಯೇ ನಮಗೆ ಬರುವುದಿಲ್ಲ.

ಮೊನ್ನೆ, "ಸ್ವಲ್ಪ ನಿಧಾನ ಕಟ್ಟಿ ತೋರಿಸಮ್ಮ" ಅಂದೆ. ಅಮ್ಮ ಟಿವಿ ಬಿಟ್ಟು ಬೆರಳನ್ನೇ ನೋಡುತ್ತಾ ಶುರು ಮಾಡಿದಳು. ಎರಡನೇ ಕುಣಿಕೆಗೇ ಕೈ ತಡವರಿಸಿತು.

"ಸುಮ್ನಿರು, ನೋಡ್ಕೊಂಡ್ರೆ ಬರಲ್ಲ" ಅಂದು ಮತ್ತೆ ಸೀರಿಯಲ್ ಕಡೆ ತಿರುಗಿದಳು.