ಪದ ಪರಿಚಯ: ವಾರಂಟಿ

‘ವಾರಂಟಿ ಇದೆ, ತಲೆ ಕೆಡಿಸಿಕೊಳ್ಳಬೇಡಿ.’ ಹಳೆಯ ಕಾರು ಮಾರುವವರ ಬಾಯಿಂದ ಈ ಮಾತು ಸಲೀಸಾಗಿ ಉದುರುತ್ತದೆ. ಕೊಳ್ಳುವವರು ಅದನ್ನು ‘ಏನು ಕೆಟ್ಟರೂ ಪುಕ್ಕಟೆ ರಿಪೇರಿ’ ಎಂದೇ ಕೇಳಿಸಿಕೊಳ್ಳುತ್ತಾರೆ. ಮುಂದೆ ಎಲೆಕ್ಟ್ರಿಕಲ್ ರಿಪೇರಿಯ ಉದ್ದನೆಯ ಬಿಲ್ಲು ಕೈಗೆ ಬಂದಾಗ ‘ವಾರಂಟಿ ಇತ್ತಲ್ಲ?’ ಎಂದು ಜಗಳ. ಇತ್ತು, ನಿಜ. ಯಾವುದಕ್ಕೆ ಇತ್ತು ಎಂಬುದನ್ನು ಮಾತ್ರ ಯಾರೂ ಓದಿರಲಿಲ್ಲ.

ವಾರಂಟಿ, ಗ್ಯಾರಂಟಿ ಎರಡೂ ಒಂದೇ ಬೇರಿನವು. ಕಾಪಾಡುವವನು, ಹೊಣೆ ನಿಲ್ಲುವವನು ಎಂಬ ಅರ್ಥದ ಜರ್ಮಾನಿಕ್ ಮೂಲದ ಮಾತೊಂದು ಹಳೆಯ ಫ್ರೆಂಚ್ ಭಾಷೆಗೆ ಬಂತು. ಉತ್ತರದ ನಾರ್ಮನ್ನರು ಅದರ ‘ವ’ಕಾರವನ್ನು ಉಳಿಸಿಕೊಂಡರು, ಪ್ಯಾರಿಸ್ ಕಡೆಯವರು ‘ಗ’ಕಾರ ಮಾಡಿಕೊಂಡರು. ಇಂಗ್ಲಿಷ್ ಎರಡನ್ನೂ ಬಾಚಿಕೊಂಡಿತು. ವಾರ್ಡನ್, ಗಾರ್ಡಿಯನ್ ಜೋಡಿಯ ಕಥೆಯೂ ಇದೇ. ಪೊಲೀಸರು ಹಿಡಿದು ಬರುವ ವಾರಂಟ್ ಕೂಡ ಇದೇ ಮನೆತನದ್ದು.

ಮಧ್ಯಯುಗದ ಇಂಗ್ಲೆಂಡಿನಲ್ಲಿ ವಾರಂಟಿ ಎಂದರೆ ಜಮೀನಿನ ವ್ಯವಹಾರ. ಜಮೀನು ಕೊಟ್ಟವನು, ಮುಂದೆ ಯಾರಾದರೂ ‘ಇದು ನನ್ನದು’ ಎಂದು ದಾವೆ ಹೂಡಿದರೆ ನ್ಯಾಯಾಲಯಕ್ಕೆ ಬಂದು ಪಡೆದವನ ಪರ ನಿಲ್ಲಬೇಕು. ಸೋತರೆ ಅಷ್ಟೇ ಬೆಲೆಯ ಬೇರೆ ಜಮೀನು ಕೊಡಬೇಕು. ಮಣ್ಣು ಫಲವತ್ತಾಗಿದೆಯೇ, ಬಾವಿಯಲ್ಲಿ ನೀರಿದೆಯೇ ಎಂಬುದು ಆ ಮಾತಿನೊಳಗೆ ಬರುತ್ತಲೇ ಇರಲಿಲ್ಲ. ಹುಟ್ಟುವಾಗಲೇ ಇದು ಇಂತಿಷ್ಟಕ್ಕೆ ಎಂದು ಗೆರೆ ಎಳೆದ ಹೊಣೆ.

ಕನ್ನಡದಲ್ಲಿ ಇದನ್ನು ‘ಖಾತರಿ’ ಎಂದು ಅನುವಾದಿಸುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಖಾತರಿಯ ಹಿಂದಿರುವ ಅರಬ್ಬಿ ಪದದ ಅರ್ಥ ಮನಸ್ಸು. ಖಾತರಿಯಾಯಿತು ಎಂದರೆ ಮನಸ್ಸು ನಿರಾಳವಾಯಿತು. ‘ಗ್ಯಾರಂಟಿ ಬರುತ್ತಾನೆ’ ಎನ್ನುವಾಗಲೂ ಹೇಳುವುದು ನಮ್ಮ ನಂಬಿಕೆಯನ್ನೇ. ‘ವಾರಂಟಿ ಬರುತ್ತಾನೆ’ ಎಂದು ಯಾರೂ ಅನ್ನುವುದಿಲ್ಲ. ವಾರಂಟಿಗೆ ಒಪ್ಪುವ ಪದ ನಮ್ಮ ಹಳೆಯ ‘ಹೊಣೆ’. ಹೊಣೆ ಎಂದ ಕೂಡಲೇ ಯಾರದು, ಎಷ್ಟಕ್ಕೆ, ಎಲ್ಲಿಯವರೆಗೆ ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಖಾತರಿ ಎಂದಾಗ ಅವೆಲ್ಲ ಮಲಗಿಬಿಡುತ್ತವೆ, ಮಾರುವವರಿಗೂ ಅದೇ ಬೇಕು.

ಬಳಸಿದ ಕಾರಿನ ವಾರಂಟಿ ಪತ್ರ ಸಾಮಾನ್ಯವಾಗಿ ಬಿಡಿಭಾಗಗಳ ಪಟ್ಟಿ: ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರ್, ಎಂಜಿನ್ ಚಾಲೂ ಮಾಡುವ ಸ್ಟಾರ್ಟರ್, ಕಾರಿನೊಳಗಿನ ಪುಟ್ಟ ಕಂಪ್ಯೂಟರುಗಳಾದ ಕೆಲವು ಕಂಟ್ರೋಲ್ ಯೂನಿಟ್‌ಗಳು. ಅದರ ಕೆಳಗೆ, ಸಣ್ಣ ಅಕ್ಷರಗಳಲ್ಲಿ, ಒಪ್ಪದ ಕಾರಣಗಳ ಪಟ್ಟಿ: ಸವೆತ, ತುಕ್ಕು, ನೀರು ನುಗ್ಗಿದ್ದು, ಖರೀದಿಗೆ ಮೊದಲೇ ಇದ್ದ ದೋಷ, ಹೊರಗಿನವರು ವೈರಿಂಗ್ ಕತ್ತರಿಸಿ ಜೋಡಿಸಿದ್ದು. ಮೊದಲ ಪಟ್ಟಿ ಭಾಗವನ್ನು ಕೇಳುತ್ತದೆ, ಎರಡನೆಯದು ಕಾರಣವನ್ನು. ಕಾರಿನ ಮಾಲೀಕರು ಹಿಡಿದುಕೊಂಡು ಬರುವುದು ಮಾತ್ರ ಲಕ್ಷಣವನ್ನು: ‘ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು.’

ಎಲೆಕ್ಟ್ರಿಕಲ್ ದೋಷದಲ್ಲಿ ಲಕ್ಷಣ ಒಂದು ಕಡೆ, ಕಾರಣ ಇನ್ನೊಂದು ಕಡೆ. ದೋಷದ ಕೋಡ್ ಓದುವ ಸ್ಕ್ಯಾನರ್ ‘ಯು 0100’ ಎಂದು ತೋರಿಸಿತೆಂದರೆ ಎಂಜಿನ್ ಕಂಟ್ರೋಲ್ ಯೂನಿಟ್ಟಿನೊಡನೆ ಸಂಪರ್ಕ ಕಡಿದಿದೆ ಎಂದಷ್ಟೇ ಅರ್ಥ. ಯೂನಿಟ್ ಸತ್ತಿದೆ ಎಂದು ಅದು ಹೇಳುವುದೇ ಇಲ್ಲ. ಆದರೂ ಕೋಡ್ ನೋಡಿದ ಕೂಡಲೇ ಯೂನಿಟ್ ಬದಲಾಯಿಸುವ ಗ್ಯಾರೇಜುಗಳಿವೆ. ದುಬಾರಿ ಯೂನಿಟ್ ಬಂತು, ದೀಪಗಳು ಮಾತ್ರ ಆರಲಿಲ್ಲ. ಬ್ಯಾಟರಿ ಸಂಪರ್ಕ ತೆಗೆದು, ಯೂನಿಟ್‌ಗಳು ಪರಸ್ಪರ ಮಾತಾಡಿಕೊಳ್ಳುವ ‘ಕ್ಯಾನ್’ (CAN) ಜಾಲದ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ ವಿದ್ಯುತ್ ರೋಧ ಸುಮಾರು 60 ಓಮ್ ಬರಬೇಕು. ಎರಡು ತುದಿಗಳಲ್ಲೂ 120 ಓಮ್‌ನ ಒಂದೊಂದು ರೋಧಕವಿರುತ್ತದೆ, ಎರಡೂ ಸಮಾನಾಂತರವಾಗಿ ಸೇರಿದಾಗ ಅಳತೆ ಅರ್ಧವಾಗುತ್ತದೆ. ಮೀಟರ್ 120 ತೋರಿಸಿದರೆ ಒಂದು ತುದಿ ಕಡಿದಿರಬೇಕು. ಆ ತಂತಿಯ ಜಾಡು ಹಿಡಿದು ಹೋಗಿ ನೆಲಹಾಸಿನಡಿಯ ಕನೆಕ್ಟರ್ ಬಿಚ್ಚಿದರೆ ಪಿನ್ನಿನ ಮೇಲೆ ಹಸಿರು ಪುಡಿ. ತಾಮ್ರ ಕಿಲುಬು ಹಿಡಿದಿದೆ.

ಜಗಳ ಇಲ್ಲಿಂದ ಶುರು. ಪಟ್ಟಿಯಲ್ಲಿದ್ದ ಯೂನಿಟ್ ಕೆಟ್ಟಿರಲಿಲ್ಲ, ಆದ್ದರಿಂದ ಅದರ ಹಣ ಬರುವುದಿಲ್ಲ. ಕೆಟ್ಟ ಕನೆಕ್ಟರ್ ಪಟ್ಟಿಯಲ್ಲೇ ಇಲ್ಲ, ಇದ್ದಿದ್ದರೂ ‘ನೀರು ನುಗ್ಗಿದ್ದು’ ಎಂದು ಕೈಬಿಡುತ್ತಾರೆ. ಇನ್ನು ದೋಷ ಹುಡುಕಿದ ಗಂಟೆಗಳ ಕೂಲಿ, ಎಲೆಕ್ಟ್ರಿಕಲ್ ಕೆಲಸದಲ್ಲಿ ಅದೇ ಎಲ್ಲಕ್ಕಿಂತ ಭಾರ. ದೋಷ ಹೊಣೆಯೊಳಗಿನದೆಂದು ರುಜುವಾತಾದರೆ ಮಾತ್ರ ಅದನ್ನು ಕೊಡುವ ಪತ್ರಗಳೇ ಹೆಚ್ಚು. ಗ್ಯಾರೇಜಿನ ತಪ್ಪು ಊಹೆಗೆ ವಾರಂಟಿ ಕೊಟ್ಟವರನ್ನು ಬೈಯುವುದು ನ್ಯಾಯವಲ್ಲ. ಆ ಯೂನಿಟ್ಟಿನ ಲೆಕ್ಕವನ್ನು ಗ್ಯಾರೇಜಿನವರನ್ನೇ ಕೇಳಬೇಕು. ಹಾಗೆಂದು ಹಸಿರು ಪುಡಿ ಕಂಡ ಮಾತ್ರಕ್ಕೆ ನೀವೇ ನೀರು ಬಿಟ್ಟಿರಿ ಎನ್ನುವುದೂ ಉಡಾಫೆ. ನೀರು ಎಲ್ಲಿಂದ ಬಂತು? ಸನ್‌ರೂಫಿನ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿತ್ತೇ? ಮಾರುವ ಮೊದಲೇ ಸೋರುತ್ತಿತ್ತೇ? ಹಾಗಿದ್ದರೆ ಪ್ರಶ್ನೆ ವಾರಂಟಿ ಕಂಪನಿಯನ್ನು ದಾಟಿ ಮಾರಿದವರ ಬಾಗಿಲಿಗೆ ಹೋಗುತ್ತದೆ.

‘ಎಕ್ಸ್‌ಟೆಂಡೆಡ್ ವಾರಂಟಿ’ ಎಂಬ ಹೆಸರಿನಲ್ಲಿ ಮೂರನೆಯವರು ಹಣ ಪಡೆದು ಮಾರುವುದು ಬಹುಮಟ್ಟಿಗೆ ಸೇವಾ ಒಪ್ಪಂದ, ವಿಮೆಯ ದಾಯಾದಿ. ಕಾರು ತಯಾರಿಸಿದವರ ಮಾತು ಅದರಲ್ಲಿಲ್ಲ. ‘ಏನಾದರೂ ಆದರೆ ನೋಡಿಕೊಳ್ಳೋಣ’ ಎಂಬ ಬಾಯಿಮಾತನ್ನು ವಾರಂಟಿ ಎಂದು ಕರೆಯುವವರಿಗೆ ನನ್ನಲ್ಲಿ ಉತ್ತರವಿಲ್ಲ.

ಆದ್ದರಿಂದ ಗ್ಯಾರೇಜಿನಿಂದ ಬರೆಸಿಕೊಳ್ಳಬೇಕಾದದ್ದು ‘ದೀಪ ಉರಿಯುತ್ತಿತ್ತು, ಯೂನಿಟ್ ಬದಲಿಸಿದೆ’ ಎಂಬ ಸಾಲನ್ನಲ್ಲ. ಯಾವ ಭಾಗ, ಯಾವ ಕಾರಣಕ್ಕೆ, ಯಾವ ಅಳತೆಯಿಂದ ಗೊತ್ತಾಯಿತು ಎಂಬುದನ್ನು. ರಿಪೇರಿಗೆ ಮೊದಲು ವಾರಂಟಿಯವರ ಲಿಖಿತ ಒಪ್ಪಿಗೆ ಬೇಕೆಂದು ಪತ್ರದಲ್ಲಿದ್ದರೆ ಅದು ಬರುವವರೆಗೆ ಸ್ಪ್ಯಾನರ್ ಮುಟ್ಟಿಸಬೇಡಿ. ತೆಗೆದ ಕನೆಕ್ಟರನ್ನು ಕವರಿನಲ್ಲಿ ಹಾಕಿ ಮನೆಗೆ ತನ್ನಿ.